ಮುತ್ತುಗದ ಎಲೆಯ ಪರದೆ

ವನಜಳ ಬಣ್ಣದಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪಿದ್ದದ್ದು ನನ್ನ ಇಸ್ತ್ರಿಯಲ್ಲಿ. ಅದು ನನಗೆ ಅಂದೇ ಗೊತ್ತಿತ್ತು. ಹೇಳಲಿಲ್ಲ — ಅವಳು ಬಾಯಿಬಿಟ್ಟು ಕೇಳಿದಾಗಲೂ ಹೇಳಲಿಲ್ಲ.

ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಮುಂದೆ ಬರೆಯುವುದೆಲ್ಲ ಇದರ ವಿವರ. ವಿವರ ಹೇಳುತ್ತ ಹೇಳುತ್ತ ನನ್ನ ತಪ್ಪನ್ನು ನಾನೇ ಸಣ್ಣದು ಮಾಡಿಬಿಡುತ್ತೇನೇನೋ ಎಂಬ ಭಯವಿದೆ. ಅದಕ್ಕೇ ಮೊದಲು ಹೇಳಿಬಿಟ್ಟೆ.

ವನಜ ನನ್ನ ಗಂಡನ ತಂಗಿ. ಅವರ ಊರು ಹುಲಿಯೂರುದುರ್ಗದ ಪಕ್ಕ. ಅವಳನ್ನು ಸಿ.ಎಸ್. ಪುರದ ಕಡೆ, ತೆಂಗಿನ ತೋಟ ಇದ್ದವರ ಮನೆಗೆ ಕೊಟ್ಟಿದ್ದರು. ತೋಟ ಚೆನ್ನಾಗಿತ್ತು, ಗಂಡ ಚೆನ್ನಾಗಿರಲಿಲ್ಲ. ಕೈ ಮಾಡುತ್ತಿದ್ದ. ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ, ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆ ಬಾಗಿಲಿಗೆ ಒಂದು ವೈರ್ ಬುಟ್ಟಿ ಹಿಡಿದು ಬಂದು ನಿಂತಳು. ಕೆಳತುಟಿ ಊದಿಕೊಂಡಿತ್ತು. "ಅತ್ತಿಗೆ, ಒಂದು ಲೋಟ ನೀರು ಕೊಡು" ಎಂದಳು. ಆ ದಿನ ನಾನು ಒಳ್ಳೆಯವಳೇ ಆಗಿದ್ದೆ. ಸಾರಿಗೆ ಇನ್ನೊಂದಿಷ್ಟು ನೀರು ಬೆರೆಸಿ ಕುದಿಸಿದೆ, ನನ್ನ ಹಳೆಯ ಸೀರೆ ತೆಗೆದುಕೊಟ್ಟೆ.

ನಮ್ಮದು ಹಾಲು, ಒಂದು ರೂಮು, ಅಡುಗೆಮನೆ. ಹಾಲಿನ ಕಿಟಕಿಯ ಪಕ್ಕ ನನ್ನ ಹೊಲಿಗೆ ಮಿಷನ್ನು. ದಿಂಬಿನ ಕವರು, ಟಿ.ವಿ. ಮೇಲೆ ಹೊದಿಸುವ ಬಟ್ಟೆ, ನೆರಿಗೆ ಇಟ್ಟ ಕರ್ಟನ್ನು — ಬೀದಿಯವರಿಗೆಲ್ಲ ನಾನೇ ಹೊಲಿದುಕೊಡುತ್ತಿದ್ದೆ. ವನಜ ಕೈಕಟ್ಟಿ ಕೂರುವವಳಲ್ಲ. ಊರೊಳಗೆ ಹೆಂಗಸರಿಗೆ ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟ್ ಹಾಕುವುದನ್ನು ಕಲಿಸುತ್ತಿದ್ದರು; ಅಲ್ಲಿಗೆ ಸೇರಿಕೊಂಡಳು. ಸಂಜೆ ಬಂದು ನೆಲದ ಮೇಲೆ ಕಾಗದ ಹಾಸಿಕೊಂಡು ಬೋರಲಾಗಿ ಮಲಗಿ ಚಿತ್ರ ಬರೆಯುತ್ತಿದ್ದಳು. ಅಲ್ಲಿಯ ಮೇಡಂ ಅವಳಿಗೊಂದು ಮಾತು ಹೇಳಿದ್ದರಂತೆ: ಎಲೆಯನ್ನು ಎಲೆಯ ಹಾಗೆಯೇ ಬರೆಯಬೇಡ, ಅದರಲ್ಲಿ ಬೇಡದ್ದನ್ನೆಲ್ಲ ತೆಗೆದು ಉಳಿದದ್ದನ್ನು ಬರಿ. ಆ ಮಾತನ್ನು ಹಿಡಿದುಕೊಂಡು ಅವಳು ಎಷ್ಟೋ ದಿನ ಕಳೆದಳು.

ಕೊನೆಗೆ ಉಳಿದದ್ದು ಮುತ್ತುಗ. ಅವರ ಊರ ಗುಡ್ಡದ ಬುಡದಲ್ಲಿ ಊಟದೆಲೆ ಹಚ್ಚಲು ಕಿತ್ತು ತರುತ್ತಾರಲ್ಲ, ಅದೇ ಮುತ್ತುಗ. ಒಂದು ತೊಟ್ಟಿಗೆ ಮೂರು ಎಲೆ. ನರಗಳಿಲ್ಲ, ನೆರಳಿಲ್ಲ, ಅಂಚಿನ ಡೊಂಕಿಲ್ಲ. ಒಂದೆಲೆ ಪೂರ್ತಿ ಹಸಿರು, ಒಂದು ಸಾಸಿವೆ ಹಳದಿ, ಮೂರನೆಯದು ಬರೀ ಕಪ್ಪು ಗೆರೆ, ಒಳಗೆ ಖಾಲಿ. ತೊಟ್ಟುಗಳು ಲೈಟು ಕಂಬದ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿದ್ದವು. ಸುತ್ತ ಬೇಕಾದಷ್ಟು ಬಿಳಿ ಜಾಗ.

"ಹೂವೇ ಇಲ್ವಲ್ಲೇ?" ಎಂದೆ.

"ಎಲ್ಲಾರ ಮನೆ ಕರ್ಟನ್‌ನಾಗೂ ಗುಲಾಬಿ ಹೂವ ಐತೆ ಬುಡು ಅತ್ತಿಗೆ. ಪಾಪ, ಎಲೇನ ಯಾರು ನೋಡ್ತಾರೆ?"

ನನಗೆ ಅದು ಅರ್ಧ ಮುಗಿಸಿಬಿಟ್ಟ ಚಿತ್ರದ ಹಾಗೆ ಕಂಡಿತು. ಆದರೆ ಅದನ್ನು ಬಟ್ಟೆಯ ಮೇಲೆ ಹಾಕಿ, ತಂತಿಗೆ ನೇತುಹಾಕಿ, ಹಿಂದಿನಿಂದ ಬಿಸಿಲು ಬಿದ್ದಾಗ — ಹಾಲಿಗೆ ಹಾಲೇ ಬದಲಾಯಿತು. ಸುಳ್ಳು ಹೇಳುವುದಿಲ್ಲ, ನನ್ನ ಮೈ ಜುಮ್ಮೆಂದಿತು.

ಆ ಹೊತ್ತಿಗೆ ಅವಳ ವಿಷಯ ಒಂದು ತೀರ್ಮಾನಕ್ಕೆ ಬಂದಿತ್ತು. ಮಾವನವರು ಊರಿನಿಂದ ಬಂದು ನಮ್ಮ ಹಾಲಿನಲ್ಲಿ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ್ದರು: "ಕೈಯಾಗೊಂದು ಕೆಲ್ಸ ನಿಲ್ಲಂಗಿದ್ರೆ ಇಲ್ಲೇ ಇರ್ಲಿ. ಇಲ್ದಿದ್ರೆ ಯುಗಾದಿ ಕಳೀತಿದ್ದಂಗೆ ಗಂಡನ ಮನೆಗೆ ಬುಟ್ಟು ಬರಾದೇಯ. ನಾನೂ ಎಷ್ಟು ದಿನ ಅಂತ ಜನಕ್ಕೆ ಉತ್ತರ ಹೇಳ್ಲಿ?" ನನ್ನ ಗಂಡ ಹೂಂ ಅಂದರು. ವನಜ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, "ಕೆಲ್ಸ ನಿಲ್ಲಂಗೆ ಮಾಡ್ತೀನಿ ಅತ್ತಿಗೆ. ಅಲ್ಲಿಗೆ ಮಾತ್ರ ಹೋಗಕಿಲ್ಲ. ಹೋದ್ರೆ ಈ ಸಲ ಅವನು ಕೈಕಾಲು ಮುರಿದು ಕೂರಿಸ್ತಾನೆ" ಎಂದಳು. ಅಳುತ್ತಿರಲಿಲ್ಲ. ಹುರುಳಿಕಾಯಿ ಬಿಡಿಸುತ್ತ ಹೇಳಿದಳು.

ಕೆಲಸ ಬಂತು ಕೂಡ. ಗುಬ್ಬಿಯಲ್ಲಿ ಒಬ್ಬ ಗೌಡರು ಹೊಸದಾಗಿ ಕಲ್ಯಾಣಮಂಟಪ ಕಟ್ಟಿಸಿದ್ದರು. ಅವರ ಸೊಸೆ ಯಾರದೋ ಜೊತೆ ನಮ್ಮ ಮನೆಗೆ ಬಂದವಳು ತಂತಿಯ ಮೇಲಿದ್ದ ಎಲೆ ನೋಡಿ ಅಲ್ಲೇ ನಿಂತುಬಿಟ್ಟಳು. ಗಂಡಿನ ರೂಮು, ಹೆಣ್ಣಿನ ರೂಮು, ಊಟದ ಹಾಲು — ಎಲ್ಲ ಕಿಟಕಿಗೂ ಇದೇ ಬೇಕು ಎಂದಳು. ಇದು ಒಪ್ಪಿಗೆಯಾದರೆ ಅವರ ನೆಂಟರ ಲಾಡ್ಜಿಗೂ ಹಾಕಿಸುತ್ತೇವೆ ಎಂದಳು. ವನಜ ಆಗಲೇ ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಒಂದು ಶೀಟಿನ ಮನೆ ನೋಡಿ ಬಂದಿದ್ದಳು.

ತಾರಸಿಯ ಮೇಲೆ ಹಳೆಯ ಬಾಗಿಲೊಂದನ್ನು ಮಲಗಿಸಿ, ಮೇಲೆ ಕಂಬಳಿ ಹಾಸಿ, ಅದನ್ನೇ ಮೇಜು ಮಾಡಿಕೊಂಡೆವು. ಮರದ ಚೌಕಟ್ಟಿಗೆ ತೆಳು ಬಟ್ಟೆ ಬಿಗಿದದ್ದು ಸ್ಕ್ರೀನು. ಒಂದೊಂದು ಬಣ್ಣಕ್ಕೆ ಒಂದೊಂದು. ಅದರ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಅವಳು ಅತ್ತಲಿಂದ ತಳ್ಳಬೇಕು, ನಾನು ಇತ್ತಲಿಂದ ಎಳೆದುಕೊಳ್ಳಬೇಕು. ನನ್ನ ಕೈ ಬಿಗಿಯಾದರೆ, "ಅತ್ತಿಗೆ, ಅದು ರಾಗಿ ಮುದ್ದೆಯಲ್ಲ ಕಣೆ, ಹಂಗೆ ತಿರುವಬೇಡ" ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು. ಮೊಣಕೈವರೆಗೂ ಹಸಿರು. ಈಗ ನೆನೆಸಿಕೊಂಡರೆ ನನ್ನ ಮದುವೆಯಾದ ಮೇಲೆ ನಾನು ಅಷ್ಟು ನಕ್ಕದ್ದು —

ಇರಲಿ.

ಬಟ್ಟೆಯೆಲ್ಲ ಒಣಗಿದ ದಿನ ನನ್ನ ಗಂಡ ಆಫೀಸಿನಿಂದ ಬಂದವರು ತಾರಸಿಗೆ ಹತ್ತಿ ಬಂದರು. ಎಂದೂ ಹತ್ತಿ ಬಂದವರಲ್ಲ. ಸಾಲಾಗಿ ನೇತಾಡುತ್ತಿದ್ದ ಎಲೆಗಳನ್ನು ಒಂದು ಸುತ್ತು ನೋಡಿ, ನನ್ನ ಕಡೆ ತಿರುಗಿ, "ನೋಡೇ, ಇದು ಕೆಲ್ಸ ಅಂದ್ರೆ. ನೀನು ಇಷ್ಟು ವರ್ಷ ಮಿಷನ್ ತುಳಿದು ತುಳಿದು ಮಾಡಿದ್ದೇನು, ದಿಂಬಿನ ಕವರು" ಎಂದರು. ತಮಾಷೆಗೇ ಅಂದರು. ವನಜ ಕೂಡಲೇ, "ಸುಮ್ನಿರಣ್ಣ, ಅತ್ತಿಗೆ ಇಲ್ದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ" ಎಂದಳು. ಅವಳು ಹಾಗೆ ನನ್ನ ಪರ ನಿಂತದ್ದು ನನಗೆ ಇನ್ನೂ ಹೆಚ್ಚು ಚುಚ್ಚಿತು. ಯಾಕೆ ಎಂದು ಇವತ್ತಿಗೂ ತಿಳಿಯದು.

ಮಾರನೆಯ ದಿನವೇ ಊರಿನಿಂದ ಸುದ್ದಿ ಬಂತು. ಮಾವನವರು ಬಾವಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ನೋಡಿಕೊಳ್ಳಲು ಹೆಣ್ಣುಮಗಳು ಬೇಕು. ಮಂಟಪದವರು ಪರದೆಗೆ ಜನ ಕಳಿಸುವ ದಿನವೂ ಹತ್ತಿರವಿತ್ತು. ಕುಣಿಗಲ್ ಬಸ್ಸು ಹಿಡಿಯುವ ಅವಸರದಲ್ಲೂ ವನಜ ನನ್ನನ್ನು ಕೂರಿಸಿಕೊಂಡು ಹೇಳಿದಳು.

"ಬಣ್ಣ ಒಣಗೈತೆ ಅಂತ ಸುಮ್ನಾಗ್ಬೇಡ ಅತ್ತಿಗೆ. ಒಣಗಿದ್ರೆ ಮೇಲೆ ಕೂತಿರ್ತದೆ ಅಷ್ಟೇ. ಕಾವು ಕೊಟ್ರೇನೇ ಬಟ್ಟೇನ ಹಿಡ್ಕೊಳ್ಳೋದು. ಹಿಂದ್ಗಡೆಯಿಂದ, ಒಂದೊಂದು ಎಲೆ ಮೇಲೂ ಇಸ್ತ್ರಿ ನಿಲ್ಸಿ ನಿಲ್ಸಿ ಎಳಿ. ಕೈ ನೋಯ್ತದೆ. ಆದ್ರೂ ಅವಸರ ಮಾಡ್ಬೇಡ."

"ಇಸ್ತ್ರಿ ಮಾಡೋದನ್ನ ನಂಗೇ ಹೇಳ್ಕೊಡ್ತೀಯೇನೇ?" ಎಂದೆ.

"ಒಂದು ಪರದೆ ಜಾಸ್ತಿ ಬಂದೈತೆ. ಅದು ನಿನ್ನ ಕಿಟಕಿಗೆ" ಎಂದು ನಕ್ಕು ಹೋದಳು.

ಬೆಳಿಗ್ಗೆ ತಿಂಡಿ ಮುಗಿಸಿ ಕೂತೆ. ಮೊದಲು ಕೈಗೆತ್ತಿಕೊಂಡದ್ದು ನನ್ನ ಕಿಟಕಿಯ ಪರದೆ. ಅವಳು ಹೇಳಿದ ಹಾಗೆಯೇ, ಹಿಂಬದಿಯಿಂದ, ಒಂದೊಂದೇ ಎಲೆಗೆ, ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಹಿಡಿದು ಕಾವು ಕೊಟ್ಟೆ. ಅದೊಂದು ಮುಗಿಯುವಷ್ಟರಲ್ಲಿ ಭುಜ ಕಳಚಿ ಬೀಳುವ ಹಾಗಾಗಿತ್ತು. ಎರಡನೆಯದು ಹಾಸಿಕೊಳ್ಳುವ ಹೊತ್ತಿಗೆ ಕರೆಂಟು ಹೋಯಿತು. ಆಗೆಲ್ಲ ಹೋದರೆ ಯಾವಾಗ ಬರುತ್ತದೋ ಹೇಳುವ ಹಾಗಿರಲಿಲ್ಲ. ಅಟ್ಟದ ಮೇಲೆ ಇದ್ದಲಿನ ಇಸ್ತ್ರಿ ಪೆಟ್ಟಿಗೆ ಇತ್ತು. ಒಲೆಗೆ ಇದ್ದಲೂ ಇತ್ತು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ — ಕರೆಂಟಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಾರದು. ಇತ್ತು. ನಾನು ಇಳಿಸಲಿಲ್ಲ.

ಕಾವು ಕೊಟ್ಟ ಎಲೆಯನ್ನೂ ಕೊಡದ ಎಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ. ಬೆರಳಿಂದ ಉಜ್ಜಿದೆ. ಎರಡೂ ಒಂದೇ. ಯಾರಿಗೆ ತಿಳಿಯುತ್ತದೆ ಎನಿಸಿತು. ಸಂಜೆ ಕರೆಂಟು ಬಂದ ಮೇಲೆ ಉಳಿದ ಪರದೆಗಳಿಗೆ ಅಂಚು ಹೊಲಿದು, ಮಡಿಕೆಯ ಸುಕ್ಕು ಹೋಗುವಷ್ಟಕ್ಕೆ ಮೇಲಿಂದ ಒಂದೇ ಸಲ ಇಸ್ತ್ರಿ ಓಡಿಸಿ ಕಟ್ಟಿಟ್ಟೆ.

ಅವಳು ಹಾಳಾಗಲಿ ಎಂದುಕೊಂಡೆನೇ? ಇಲ್ಲ ಎಂದು ಬರೆಯಲು ಹೊರಟೆ, ಕೈ ನಿಂತಿತು. ಹಾಳಾಗಲಿ ಎಂದುಕೊಳ್ಳಲಿಲ್ಲ. ಸ್ವಲ್ಪ ಮಾಸಿದರೆ ಮಾಸಲಿ ಎಂದುಕೊಂಡೆ. ತಾರಸಿಯ ಮೇಲೆ ನನ್ನ ಗಂಡ ಆಡಿದ ಮಾತು ಮಾಸುವಷ್ಟು. ಬಣ್ಣ ಅಷ್ಟು ಪೂರ್ತಿಯಾಗಿ ಹೋಗುತ್ತದೆಂದು ಗೊತ್ತಿರಲಿಲ್ಲ — ಆದರೆ ಅವಳು ಹೇಳಿದ್ದಳಲ್ಲ. ಬಿಡಿಸಿ ಹೇಳಿದ್ದಳಲ್ಲ. ಮತ್ತೆ, ನನ್ನ ಕಿಟಕಿಯದಕ್ಕೆ ಮಾತ್ರ ಸರಿಯಾಗಿ ಕಾವು ಕೊಟ್ಟಿದ್ದೆನಲ್ಲ.

ಮಂಟಪದಲ್ಲಿ ಮೊದಲ ಮದುವೆ ಆಯಿತು. ಪರದೆಗೆ ಅರಿಸಿನ, ಸಾರು, ಮಕ್ಕಳ ಕೈ. ಅವರು ಎಲ್ಲವನ್ನೂ ಒಗೆಯಲು ಹಾಕಿದರು, ಗಂಡಿನ ಕಡೆಯವರ ಬಿಳಿ ಪಂಚೆಗಳ ಗಂಟಿನ ಜೊತೆ. ಅಷ್ಟರಲ್ಲಿ ವನಜ ಊರಿನಿಂದ ಬಂದಿದ್ದಳು. ಗೌಡರೇ ಖುದ್ದಾಗಿ ಬಂದು ಪರದೆಗಳ ಗಂಟನ್ನು ನಮ್ಮ ಹಾಲಿನಲ್ಲಿ ಬಿಸಾಕಿದರು.

"ಏನಮ್ಮ, ನಿನ್ನ ಮರದ ಎಲೆ ಎಲ್ಲಾ ಒಂದೇ ಒಗೆತಕ್ಕೆ ಉದುರೋದ್ವಲ್ಲ! ಬೀಗರ ಪಂಚೆ ಎಲ್ಲಾ ಗಿಣಿ ಬಣ್ಣ ಆಗವೆ. ಅವರು ನನ್ನ ಮುಖಕ್ಕೆ ಉಗಿಯದೊಂದು ಬಾಕಿ."

ವನಜ ಗಂಟು ಬಿಚ್ಚಿದಳು. ಎಲೆ ಇದ್ದ ಕಡೆ ಕೆರೆಯ ಪಾಚಿಯ ಹಾಗೆ ಏನೋ ಹರಡಿಕೊಂಡಿತ್ತು. ಕಪ್ಪು ಗೆರೆ ಹರಿದು ಬೂದಿ ನೀರಿನ ಕಲೆಯಾಗಿತ್ತು. ಒಂದೊಂದನ್ನೇ ಬಿಡಿಸಿ, ಬೆಳಕಿಗೆ ಹಿಡಿದು, ಮಡಿಸಿ ಇಟ್ಟಳು. ಗೌಡರು ಹೋದ ಮೇಲೆ ನನ್ನ ಕಡೆ ನೋಡಿದಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡ. ಇಸ್ತ್ರಿ... ನಿಲ್ಸಿ ನಿಲ್ಸಿ ಮಾಡಿದ್ದೆ ಅಲ್ವಾ?"

ನಾನು ಅಂದೆ — "ನೀನು ಹೇಳ್ದಂಗೇ ಮಾಡಿದೀನಿ ಕಣೆ. ಕೈ ಬಿದ್ದೋಗೋವರ್ಗೂ ಮಾಡಿದೀನಿ."

ಅವಳ ಮುಖ ಕುಗ್ಗಿತು. "ನಿನ್ನ ಕೇಳ್ಬಾರ್ದಾಗಿತ್ತು. ತಪ್ಪು ನಂದೇ. ಬಣ್ಣಕ್ಕೆ ಕಲಸೋ ಅಂಟು ಕಮ್ಮಿ ಬಿದ್ದೈತೆ." ನನ್ನ ಕೈ ಹಿಡಿದುಕೊಂಡಳು. ಆಮೇಲೆ ಏನೋ ಹೊಳೆದವಳ ಹಾಗೆ, "ನಿನ್ನ ಕಿಟಕೀದು ಎಲ್ಲೈತೆ? ಅದನ್ನೊಂದು ಒಗೆದು ನೋಡಾನ" ಎಂದಳು.

"ಅದೂ ಗುಬ್ಬಿಗೇ ಹೋಯ್ತು. ಒಂದು ಕಮ್ಮಿ ಬಿದ್ದಿತ್ತು ಅಂತ ಸೇರಿಸ್ಬುಟ್ಟೆ."

ಅದು ಟ್ರಂಕಿನಲ್ಲಿ, ನನ್ನ ಮದುವೆಯ ಸೀರೆಯ ಕೆಳಗೆ ಇತ್ತು. ಅವಳು ಕೂತಿದ್ದ ಜಾಗದಿಂದ ಕೈ ಚಾಚಿದರೆ ಟ್ರಂಕು ಸಿಗುತ್ತಿತ್ತು.

ಯುಗಾದಿ ಕಳೆಯಿತು. ಲಾಡ್ಜಿನವರು ಬೇಡವೆಂದರು. ಬೇರೆ ಕಡೆ ಕೇಳೋಣ ಎಂದು ನನ್ನ ಗಂಡ ಒಮ್ಮೆ ಅಂದರು, ನಿಜ. ವನಜಳೇ ಒಪ್ಪಲಿಲ್ಲ. "ನನ್ನ ಕೈಯಾಗೇ ಏನೋ ಐತೆ ಅಣ್ಣ. ಇನ್ನೊಬ್ರ ಮನೆ ಮದ್ವೇನೂ ಕೆಡಿಸ್ಲಾ?" ಎಂದಳು. ಸ್ಕ್ರೀನುಗಳನ್ನು ತೊಳೆದು ಒರಗಿಸಿಟ್ಟಳು. ಬಂದಾಗ ತಂದಿದ್ದ ಅದೇ ವೈರ್ ಬುಟ್ಟಿ. ಅವಳ ಅಣ್ಣನೇ ಸಿ.ಎಸ್. ಪುರಕ್ಕೆ ಬಿಟ್ಟುಬಂದರು. ಆ ಬೇಸಿಗೆಯಲ್ಲಿ ನಾನು ಅದೇ ಚೌಕಟ್ಟುಗಳ ಮೇಲೆ ಸಂಡಿಗೆ ಒಣಗಿಸಿದೆ. ಚೆನ್ನಾಗಿ ಒಣಗಿದವು.

ಆಮೇಲೆ ಟ್ರಂಕಿನಿಂದ ಪರದೆಯನ್ನು ತೆಗೆದು ಕಿಟಕಿಗೆ ಹಾಕಿದೆ. ಮೊದಲ ಸಲ ಒಗೆದ ದಿನ ನೆನಪಿದೆ. ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಣ್ಣ ಹೋಗಲಪ್ಪಾ ಎಂದು ದೇವರನ್ನು ಬೇಡಿಕೊಂಡೆ. ಹೋದರೆ ತಪ್ಪು ಅವಳದು — ಅಂಟೇ ಕಮ್ಮಿ ಬಿದ್ದಿತ್ತು ಎಂದಾಗುತ್ತದೆ, ನಾನು ಉಳಿದುಕೊಳ್ಳುತ್ತೇನೆ. ಬಿಸಿನೀರು ಹಾಕಿದೆ. ಸೋಪಿನ ಪುಡಿ ಹಾಕಿದೆ. ಬ್ರಶ್ಶಿನಿಂದ ತಿಕ್ಕಿದೆ. ನೊರೆ ಬಂತು, ಕೊಳೆ ಬಂತು. ಹಸಿರು ಒಂದು ಹನಿಯೂ ಬರಲಿಲ್ಲ.

ಪ್ರತಿವರ್ಷ ಹಬ್ಬದ ಮುಂಚೆ ಮನೆಯ ಪರದೆಗಳನ್ನೆಲ್ಲ ಒಗೆಯುತ್ತೇನೆ. ಪ್ರತಿವರ್ಷ ಅದೇ ನೀರು. ಎಸೆಯಬಹುದಿತ್ತು, ಸುಡಬಹುದಿತ್ತು. ಯಾಕೆ ಮಾಡಲಿಲ್ಲವೋ... ಅದು ಬೆಳಕಿಗೆ ಚೆಂದ ಕಾಣುತ್ತಿತ್ತು. ಅಷ್ಟೇ ಕಾರಣ ಇದ್ದರೂ ಇರಬಹುದು, ಅದಕ್ಕಿಂತ ದೊಡ್ಡದನ್ನು ಹುಡುಕಲು ನನಗೆ ಹಕ್ಕಿಲ್ಲ. ವನಜ ಬರುತ್ತಾಳೆಂದು ಸುದ್ದಿ ಬಂದಾಗ ಮಾತ್ರ ಅದನ್ನು ಬಿಚ್ಚಿ, ಗುಲಾಬಿ ಹೂವಿನ ನೆರಿಗೆಯ ಕರ್ಟನ್ನು ಏರಿಸುತ್ತಿದ್ದೆ. ಒಗೆದರೂ ಹೋಗದ ಎಲೆಯನ್ನು ಅವಳು ಒಂದು ಸಲ ನೋಡಿದರೆ ಸಾಕಿತ್ತು, ತಪ್ಪು ಯಾರದೆಂದು ತಿಳಿದುಬಿಡುತ್ತಿತ್ತು.

ಅವಳು ಹೇಳಿದಂತೆಯೇ ಆಗಿತ್ತು. ಅವಳು ತಿರುಗಿ ಗಂಡನ ಮನೆಗೆ ಹೋದ ಆ ವರ್ಷವೇ ಅವನು ತೆಂಗಿನ ಮಟ್ಟೆಯಿಂದ ಬಲಗೈಗೆ ಹೊಡೆದ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಕೊಟ್ಟಿಗೆಯಲ್ಲಿ ಜಾರಿಬಿದ್ದೆ ಎಂದು ಊರಿಗೆಲ್ಲ ಹೇಳಿದಳು. ನಾವೂ ನಂಬಿದ ಹಾಗೆ ಮಾಡಿದೆವು. ಬೆರಳುಗಳು ಮುಚ್ಚುವುದಿಲ್ಲ, ಪೂರ್ತಿ ಬಿಚ್ಚುವುದೂ ಇಲ್ಲ. ಎಡಗೈಯಲ್ಲಿ ಮುದ್ದೆ ತಿನ್ನುತ್ತಾಳೆ. ಎರಡು ಸಾವಿರ ಇಸವಿ ಬಂತು, ಹೋಯಿತು. ಅವನು ಈಗ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಾನೆ. ಅದೇ ಎಡಗೈಯಲ್ಲಿ ಅವನಿಗೆ ಗಂಜಿ ಕುಡಿಸುತ್ತಾಳೆ.

ಮೊನ್ನೆ ಅವಳು ಹೇಳದೆ ಬಂದಳು. ತುಮಕೂರಿಗೆ ಔಷಧಿ ಕೊಳ್ಳಲು ಬಂದವಳು, ಬಸ್ಸಿಗೆ ಹೊತ್ತಿದೆ ಎಂದು ನೇರ ಮನೆಗೆ. ಬಾಗಿಲು ತೆಗೆದಾಗ ನನ್ನ ಬೆನ್ನ ಹಿಂದೆ ಕಿಟಕಿ, ಕಿಟಕಿಯಲ್ಲಿ ಮುತ್ತುಗ, ಹಿಂದಿನಿಂದ ಬಿಸಿಲು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಆ ಮುದುರಿದ ಕೈಯ ಹಿಂಬದಿಯಿಂದ ಎಲೆಯನ್ನು ಮುಟ್ಟಿದಳು.

"ಅತ್ತಿಗೆ, ಇದು ಗುಬ್ಬಿಗೆ ಹೋಗಿರ್ಲಿಲ್ವಾ?"

ಮುಗಿಯಿತು, ಈಗ ತಿಳಿಯುತ್ತದೆ ಎಂದುಕೊಂಡೆ. ಒಂದು ಕ್ಷಣ ಬದುಕಿದೆ ಎಂದೂ ಅನಿಸಿತು.

ಅವಳು ತಿರುಗಿ ನೋಡಿದಳು. ಕಣ್ಣು ತುಂಬಿತ್ತು. "ಒಗೀದಲೇ ಇಟ್ಕೊಂಡಿದೀಯಾ? ಒಗುದ್ರೆ ಹೋಯ್ತದೆ ಅಂತ, ಇಷ್ಟು ವರ್ಷ ಬರೀ ಧೂಳು ಕೊಡವ್ಕೊಂಡು ಇಟ್ಕೊಂಡಿದೀಯಾ ಅತ್ತಿಗೆ?"

"ಹೂಂ" ಎಂದೆ.

"ನಾನೊಬ್ಳು ಮೂದೇವಿ, ಅಂಟು ಕಲಸಕ್ಕೆ ಬರ್ದಿದ್ದೋಳು. ನೀನಾದ್ರೂ ಉಳಿಸ್ಕೊಂಡ್ಯಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕಳು. "ಒಗೀಬೇಡ ಕಣೆ. ಇದೊಂದಾದ್ರೂ ಇರ್ಲಿ."

ಕಾಫಿ ಮಾಡಿಕೊಟ್ಟೆ. ಲೋಟವನ್ನು ಎಡಗೈಯಲ್ಲಿ ಹಿಡಿದು, ಪರದೆಯನ್ನು ನೋಡುತ್ತ ಕುಡಿದಳು. ಬಸ್ ಸ್ಟಾಪಿನವರೆಗೂ ಹೋಗಿ ಹತ್ತಿಸಿದೆ. ಬಸ್ಸಿನ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಸವರಿದಳು.

ಅಂದಿನ ಸುಳ್ಳು ಅವಳ ಕೆಲಸ ಕಿತ್ತುಕೊಂಡಿತು. ಈ "ಹೂಂ" ಎನ್ನುವುದು ಏನನ್ನು ಕಿತ್ತುಕೊಂಡಿತು ಎಂದು ನನಗೆ ಹೇಳಲು ಬರುತ್ತಿಲ್ಲ. ಅವಳು ನನ್ನನ್ನು ಪ್ರೀತಿಸಿ ಹೋದಳು. ಅದನ್ನು ಹೊತ್ತುಕೊಂಡು ಅನ್ನ ಬೇಯಿಸುವುದು ನನ್ನಿಂದಾಗುತ್ತಿಲ್ಲ.

ಈಗ ಹೇಳಿದರೆ ಅವಳಿಗೆ ಏನು ಸಿಗುತ್ತದೆ? ಕೈ ನೆಟ್ಟಗಾಗುವುದಿಲ್ಲ. ಶೀಟಿನ ಮನೆ ಎಂದೋ ಕೆಡವಿದರು. ನಿನ್ನ ಬಣ್ಣ ಸರಿಯಾಗಿತ್ತು, ನೀನು ಬದುಕಬಹುದಿತ್ತು ಎಂದು ಈ ವಯಸ್ಸಿನಲ್ಲಿ ಹೇಳಿಸಿಕೊಳ್ಳುವುದು ಬರೀ ಇನ್ನೊಂದು ಏಟು ಎಂಬುದೂ ಗೊತ್ತು. ಆದರೂ ಆ ಏಟು ಯಾರದೆಂದು ಅವಳಿಗೆ ತಿಳಿಯಬೇಕು. ನನ್ನ ಬಾಯಿಮಾತನ್ನು ಅವಳು ನಂಬಬಾರದು. ಅಂದೂ ಮೊನ್ನೆಯೂ ನಂಬಿದ್ದು ಸಾಕು.

ಪರದೆಯನ್ನು ಬಿಚ್ಚಿ ಮಡಿಸಿದ್ದೇನೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಸಿ.ಎಸ್. ಪುರಕ್ಕೆ ಹೋಗುತ್ತೇನೆ. ಅವಳ ಮನೆಯ ಹಿತ್ತಲಲ್ಲಿ ತೆಂಗಿನ ಬುಡಕ್ಕೆ ಒಗೆಯುವ ಕಲ್ಲಿದೆ. ಬಿಳಿ ಬೇಸಿನ್ನಿನಲ್ಲಿ ನೀರು ತುಂಬಿ, ಅವಳ ಕಣ್ಣೆದುರೇ ನೆನೆಸಿ, ಸೋಪು ಹಚ್ಚಿ ತಿಕ್ಕುತ್ತೇನೆ. "ಬೇಡ ಅತ್ತಿಗೆ, ಹೋಗ್ಬುಡ್ತದೆ" ಎಂದು ಕೂಗುತ್ತಾಳೆ, ಓಡಿಬಂದು ಆ ಕೈಯಿಂದಲೇ ನನ್ನ ಕೈ ತಡೆಯುತ್ತಾಳೆ. ತಡೆಯಲಿ. ನಾನು ನಿಲ್ಲಿಸುವುದಿಲ್ಲ. ಆಮೇಲೆ ಬೇಸಿನ್ನಿನ ನೀರನ್ನು ಅವಳು ನೋಡುತ್ತಾಳೆ.